ಅಕ್ಕೋರನ್ನು ಕೇಳಿ: ಕಥೆಯ ಗುಡ್ಡ ಹತ್ತುವುದು ಹೇಗೆ?

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ಮಗ ಐದನೇ ಕ್ಲಾಸು. ಶಾಲೆಯಲ್ಲಿ ಒಂದು ಹಾಳೆ ಕೊಟ್ಟಿದ್ದಾರೆ. ಗುಡ್ಡದ ಚಿತ್ರ, ಅದರ ಮೇಲೆ ಐದು ಖಾಲಿ ಚೌಕ. ಗೊತ್ತಿರುವ ಒಂದು ಕಥೆಯನ್ನು ಅದರಲ್ಲಿ ತುಂಬಿಸಿ ತರಬೇಕಂತೆ. ಇವನು ಕಥೆ ಶುರು ಮಾಡಿದರೆ ‘ಆಮೇಲೆ, ಆಮೇಲೆ’ ಅಂತ ಅರ್ಧ ಗಂಟೆ ಬಿಡುವುದಿಲ್ಲ. ಬರಿ ಅಂದರೆ ಮೊದಲ ಚೌಕದಲ್ಲೇ ಜಾಗ ಮುಗಿಯುತ್ತದೆ. ಕೊನೆಗೆ ನಾನೇ ತುಂಬಿಸಿ ಕಳಿಸುತ್ತಿದ್ದೇನೆ. ಏನು ಮಾಡಲಿ?
ಒಬ್ಬ ತಾಯಿ, ಕಾರವಾರ

ಉತ್ತರ: ಮೊದಲು ಆ ಹಾಳೆಯನ್ನು ಎತ್ತಿಡಿ. ಅದರ ಕೆಲಸ ಕಡೆಗೆ. ಅರ್ಧ ಗಂಟೆ ಕಥೆ ಹೇಳುವ ಹುಡುಗನಿಗೆ ಕಥೆ ಚೆನ್ನಾಗಿಯೇ ಗೊತ್ತಿದೆ. ಯಾವುದನ್ನು ಬಿಟ್ಟರೂ ನಡೆಯುತ್ತದೆ, ಯಾವುದನ್ನು ಬಿಡುವ ಹಾಗಿಲ್ಲ ಅನ್ನುವುದು ಇನ್ನೂ ಹಿಡಿತಕ್ಕೆ ಸಿಕ್ಕಿಲ್ಲ, ಅಷ್ಟೇ.

ಗೋಕರ್ಣದ ಕಥೆ ತೆಗೆದುಕೊಳ್ಳಿ. ನಿಮ್ಮ ಕಡೆಯ ಮಕ್ಕಳಿಗೆ ಅದು ಹೊಸದೇನಲ್ಲ. ಹಳೇ ಕ್ಯಾಲೆಂಡರ್ ಹಾಳೆ ಹರಿದು ಚೀಟಿ ಮಾಡಿ. ಒಂದು ಚೀಟಿಗೆ ಒಂದೇ ಸಂಗತಿ, ನಾಲ್ಕೈದು ಶಬ್ದ ಸಾಕು. ‘ರಾವಣ ತಪಸ್ಸು ಮಾಡಿದ.’ ‘ಶಿವ ಆತ್ಮಲಿಂಗ ಕೊಟ್ಟ.’ ‘ನೆಲಕ್ಕೆ ಇಡಬೇಡ ಅಂದ.’ ‘ವಿಷ್ಣು ಚಕ್ರದಿಂದ ಸೂರ್ಯನನ್ನು ಮುಚ್ಚಿದ.’ ‘ರಾವಣನಿಗೆ ಸಂಧ್ಯಾವಂದನೆಯ ಅವಸರ.’ ‘ಲಿಂಗವನ್ನು ಮಾಣಿಯ ಕೈಗೆ ಕೊಟ್ಟ.’ (ಮಾಣಿ ಅಂದರೆ ಹುಡುಗನ ವೇಷದಲ್ಲಿ ಬಂದ ಗಣಪತಿ.) ‘ಮಾಣಿ ಮೂರು ಸಲ ಕರೆದು ಕೆಳಗಿಟ್ಟ.’ ‘ರಾವಣ ಎಳೆದ, ಬರಲಿಲ್ಲ.’ ರಾವಣನ ಹತ್ತು ತಲೆಗೆ, ಕೈಲಾಸದ ಹಿಮಕ್ಕೆ ಎಲ್ಲ ಅವನು ಚೀಟಿ ಮಾಡಿದರೆ ಮಾಡಲಿ. ಬೇಡ ಅನ್ನಬೇಡಿ.

ಈಗ ಫ್ಯಾನ್ ಆರಿಸಿ, ಚೀಟಿಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ. ಒಂದೊಂದನ್ನೇ ಎತ್ತಿ ಬಚ್ಚಿಟ್ಟು ಕೇಳಿ: ‘ಇದು ಇಲ್ಲದಿದ್ದರೆ ಕಥೆ ನಡೆಯುತ್ತಾ?’ ಹತ್ತು ತಲೆಯ ಚೀಟಿ ಹೋದರೆ ಏನೂ ಆಗುವುದಿಲ್ಲ. ಒಂದೇ ತಲೆ ಇದ್ದಿದ್ದರೂ ರಾವಣ ಮೋಸಹೋಗುತ್ತಿದ್ದ. ‘ನೆಲಕ್ಕೆ ಇಡಬೇಡ’ ಅನ್ನುವುದನ್ನು ಎತ್ತಿ ನೋಡಿ. ಸೂರ್ಯನನ್ನು ಮುಚ್ಚುವ ಗರಜೇ ಇಲ್ಲ. ಮಾಣಿ ಬೇಕಾಗಿಲ್ಲ. ರಾವಣ ಲಿಂಗವನ್ನು ಬದಿಗಿಟ್ಟು, ಜಪ ಮುಗಿಸಿ, ಆರಾಮಾಗಿ ಲಂಕೆಗೆ ಹೋಗುತ್ತಾನೆ. ಒಂದು ಚೀಟಿ ಹೋದದ್ದಕ್ಕೆ ಅರ್ಧ ಸಾಲು ಖಾಲಿ! ಮಕ್ಕಳಿಗೆ ಈ ಕೆಡವುವ ಆಟ ಬಹಳ ಇಷ್ಟ. ರಾತ್ರಿಯಿಡೀ ಆಡುವ ಪ್ರಸಂಗವನ್ನು ಕಾಲಮಿತಿ ಯಕ್ಷಗಾನಕ್ಕೆ ಇಳಿಸುವಾಗ ಭಾಗವತರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಪದ್ಯ ಬಿಡುತ್ತಾರೆ, ಕಥೆ ಬಿಡುವುದಿಲ್ಲ.

ಉಳಿದ ಚೀಟಿಗಳ ನಡುವೆ ಬೆರಳಿಟ್ಟು ‘ಯಾಕೆ?’ ಅಂತ ಕೇಳಿ. ದೇವತೆಗಳು ಅಡ್ಡ ಬಂದದ್ದು ಯಾಕೆ? ಲಿಂಗ ಲಂಕೆ ಸೇರಿದರೆ ಆಮೇಲೆ ರಾವಣನನ್ನು ಹಿಡಿಯುವವರಿಲ್ಲ. ಅಷ್ಟು ಹೊತ್ತು ಜೋಪಾನ ಮಾಡಿದ್ದನ್ನು ಗುರುತಿಲ್ಲದ ಮಾಣಿಗೆ ಕೊಟ್ಟದ್ದು ಯಾಕೆ? ಹೊತ್ತು ಮುಳುಗಿತು ಅಂದುಕೊಂಡ, ಅದಕ್ಕೆ. ಸುಮ್ನೆ ಒಂದರ ಹಿಂದೆ ಒಂದು ನಡೆದದ್ದಲ್ಲ ಅಂತ ಹುಡುಗನಿಗೆ ಹೊಳೆಯುವುದು ಇಲ್ಲೇ.

ಇನ್ನು ಗುಡ್ಡದ ತುದಿ, ಅಂದರೆ ಕಥೆ ತಿರುಗುವ ಜಾಗ. ಇಲ್ಲಿ ಜಗಳ ಬರುತ್ತದೆ, ಬರಲಿ. ರಾವಣ ಲಿಂಗ ಎಳೆಯುವುದೇ ತುದಿ ಅನ್ನುವ ಹುಡುಗರು ಜಾಸ್ತಿ. ಶಕ್ತಿಯ ಮಾತು ಅಲ್ವಾ! ನನ್ನನ್ನು ಕೇಳಿದರೆ ತುದಿ ಅದಕ್ಕಿಂತ ಒಂದು ಗಳಿಗೆ ಮುಂಚೆ. ಮಾಣಿ ಮೂರನೇ ಸಲ ಕೂಗಿ ಬಗ್ಗುತ್ತಾನೆ ನೋಡಿ, ಅಲ್ಲಿ. ಅಷ್ಟರೊಳಗೆ ರಾವಣ ಓಡಿಬಂದು ಹಿಡಿದಿದ್ದರೆ ಕಥೆಯೇ ಬೇರೆ. ಇಟ್ಟ ಮೇಲೆ ಎಷ್ಟು ಎಳೆದರೂ ಅಷ್ಟೇ. ನಿಮ್ಮ ಮಗ ಒಪ್ಪದಿದ್ದರೆ ತಿದ್ದಬೇಡಿ. ಅವನದೇ ಒಂದು ಕಾರಣ ಹೇಳಿದರೆ ಸಾಕು.

ಈಗ ಹಾಳೆ ತೆಗೆಯಿರಿ. ಐದು ಚೌಕ ಅಂದರೆ ಶುರು, ಹತ್ತುವುದು, ತುದಿ, ಇಳಿಯುವುದು, ಮುಗಿಯುವುದು. ಈ ಗುಡ್ಡ ಜರ್ಮನಿಯ ಲೇಖಕ ಗುಸ್ಟಾಫ್ ಫ್ರೈಟಾಗ್ 1863ರಲ್ಲಿ ಐದು ಅಂಕದ ನಾಟಕಗಳನ್ನು ನೋಡಿ ಹಾಕಿಕೊಟ್ಟದ್ದು. ನಮ್ಮ ನಾಟ್ಯಶಾಸ್ತ್ರದಲ್ಲೂ ಐದು ಸಂಧಿಗಳ, ಅಂದರೆ ಕಥೆಯ ಐದು ಘಟ್ಟಗಳ, ಲೆಕ್ಕ ಇದೆ. ಆದರೆ ಐದೂ ಚೌಕ ಒಂದೇ ಅಳತೆ ಇರುವುದು ಅಚ್ಚು ಹಾಕಿದ ಹಾಳೆಯಲ್ಲಿ ಮಾತ್ರ. ಈ ಕಥೆಯಲ್ಲಿ ಹತ್ತುವ ದಾರಿ ಉದ್ದ, ಇಳಿಯುವುದು ಬೇಗ. ಒಂದು ಚೌಕದಲ್ಲಿ ನಾಲ್ಕು ಚೀಟಿ, ಇನ್ನೊಂದರಲ್ಲಿ ಒಂದೇ ಕೂತರೂ ತಪ್ಪಿಲ್ಲ. ರಾವಣ ಸಿಟ್ಟಿಗೆ ಕಿತ್ತೆಸೆದ ಲಿಂಗದ ಪೆಟ್ಟಿಗೆ, ಹೊದಿಕೆ ಎಲ್ಲ ನಿಮ್ಮ ಕಾರವಾರದ ಶೆಜ್ಜೇಶ್ವರ, ಕುಮಟಾದ ಧಾರೇಶ್ವರ, ಹೊನ್ನಾವರದ ಗುಣವಂತೆ, ಭಟ್ಕಳದ ಮುರುಡೇಶ್ವರಗಳಲ್ಲಿ ಬಿತ್ತು ಅನ್ನುತ್ತಾರಲ್ಲ, ಅದಕ್ಕೆಲ್ಲ ಸೇರಿ ಒಂದೇ ಚೀಟಿ. ಊರುಗಳನ್ನು ಬೇಕಾದರೆ ಜಿಲ್ಲೆಯ ನಕ್ಷೆಯಲ್ಲಿ ಗುರುತು ಹಾಕಲಿ, ಅದು ಬೇರೆ ಆಟ.

ನೀವು ತುಂಬಿಸಿ ಕಳಿಸುವುದನ್ನು ಮಾತ್ರ ನಿಲ್ಲಿಸಿ. ಅಮ್ಮನ ಅಕ್ಷರ ಟೀಚರಿಗೆ ದೂರದಿಂದಲೇ ಗೊತ್ತಾಗುತ್ತದೆ.

ಪ್ರಶ್ನೆ: ಮೂರನೇ ಕ್ಲಾಸಿನ ಮಗಳು ತಾನೇ ಕಥೆ ಕಟ್ಟುತ್ತಾಳೆ. ಹುಲಿ ಬಂತು, ಹುಡುಗಿ ಓಡಿದಳು, ದಾರಿ ತಪ್ಪಿತು... ಕಡೆಗೆ ‘ಎಚ್ಚರ ಆಯಿತು, ಎಲ್ಲ ಕನಸು.’ ಪ್ರತಿ ಸಲ ಇದೇ!
ಒಬ್ಬ ಅಪ್ಪ, ಶಿರಸಿ

ಉತ್ತರ: ಸಿಕ್ಕಿಸಿದ್ದಾಳೆ, ಬಿಡಿಸಲು ಬರುತ್ತಿಲ್ಲ. ಕೊನೆಯ ಚೀಟಿಯನ್ನೇ ಮೊದಲು ಬರೆಸಿ: ‘ಹುಡುಗಿ ಮನೆ ಸೇರಿದಳು.’ ಅಲ್ಲಿಂದ ಹಿಂದಕ್ಕೆ ಬನ್ನಿ. ಹೇಗೆ ಸೇರಿದಳು? ಯಾರೋ ಕರೆದುಕೊಂಡು ಬಂದರು. ಯಾರು? ಕೊನೆಗೌಡ, ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನು. ಅವನಿಗೆ ಅವಳು ಕಂಡದ್ದು ಹೇಗೆ? ಅಡಿಕೆ ಮರದ ತುದಿಯಲ್ಲಿದ್ದ, ದೂರದ್ದೆಲ್ಲ ಕಾಣುತ್ತಿತ್ತು. ಹಾಗಾದರೆ ಅವತ್ತು ತೋಟದಲ್ಲಿ ಕೊನೆ ಕೊಯ್ಲು ನಡೆದಿತ್ತು ಅಂತ ಶುರುವಿನಲ್ಲೇ ಒಂದು ಚೀಟಿ ಬೇಕಲ್ಲ? ಅದನ್ನು ಅವಳೇ ಬರೆದು ಹುಲಿಗಿಂತ ಮುಂಚೆ ಇಡಲಿ.