ಕಡುಕ್ಕ ತಿನ್ನಬೇಕಾದರೆ ಮಳೆಗೆ ಮುಂಚೆ ಬನ್ನಿ

"ನಿಮ್ಮ ಕಾಸರಗೋಡಿನಲ್ಲಿ ಒಂದು ದ್ವೀಪ ಇದೆಯಂತೆ, ಜುಲೈಯಲ್ಲಿ ಮೂರು ದಿನ ರಜೆ ಸಿಗುತ್ತದೆ, ಬರಲಾ?" ಎಂದು ಮೈಸೂರಿನ ಗೆಳೆಯರೊಬ್ಬರು ಫೋನಿನಲ್ಲಿ ಕೇಳಿದರು. ನಾನು "ಜುಲೈಯಲ್ಲಿ ಬೇಡ ಮಾರಾಯ್ರೆ" ಎಂದುಬಿಟ್ಟೆ. ಅವರಿಗೆ ಸ್ವಲ್ಪ ಬೇಸರವಾದ ಹಾಗೆ ಕಂಡಿತು. ಅತಿಥಿ ಬರುತ್ತೇನೆ ಎಂದರೆ ಬೇಡ ಎನ್ನುವ ಪದ್ಧತಿ ನಮ್ಮಲ್ಲೂ ಇಲ್ಲ. ಆದರೆ ಕಾರಣ ಇದೆ, ಕಡುಕ್ಕ ಎಂಬ ಚಿಪ್ಪಿನ ಜೀವಿ. ಅದನ್ನು ಫೋನಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರು ಕೇಳಿದ ದ್ವೀಪದ ಹೆಸರು ವಲಿಯಪರಂಬ. ನಾನು ಕುಂಬಳೆ ಕಡೆಯವನು. ಹೊರಗಿನವರಿಗೆ ಕಾಸರಗೋಡು ಎಂದರೆ ಒಂದೇ. ನಮಗೆ ಮಾತ್ರ ಚಂದ್ರಗಿರಿ ಹೊಳೆಯ ಈಚೆ ಒಂದು, ಆಚೆ ಒಂದು. ಈಚೆ ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಮಲಯಾಳ ಎಲ್ಲ ಕಲಸಿಕೊಂಡಿದೆ. ಆಚೆ ಹೋದಂತೆ ಮಲಯಾಳವೇ ಜಾಸ್ತಿ. ವಲಿಯಪರಂಬ ಇರುವುದು ಆಚೆ, ಜಿಲ್ಲೆಯ ದಕ್ಷಿಣದ ತುದಿಯಲ್ಲಿ. ಹಾಗಾಗಿ ಅಲ್ಲಿಗೆ ಹೋದರೆ ನಾನೂ ಅರ್ಧ ಹೊರಗಿನವನೇ. ಆದರೂ ಆ ದ್ವೀಪ ಯಾವ ತಾಲೂಕಿಗೆ ಸೇರಿದೆ ಗೊತ್ತಾ? ಹೊಸದುರ್ಗ! ಇಕ್ಕೇರಿಯ ನಾಯಕರು ಕಟ್ಟಿಸಿದ ಕೋಟೆಯಿಂದ ಬಂದ ಹೆಸರು. ಅಪ್ಪಟ ಮಲಯಾಳ ಮಾತಾಡುವವರು ದಿನಾ ಒಂದು ಕನ್ನಡ ಪದ ಹೇಳಿಕೊಂಡೇ ತಾಲೂಕು ಕಚೇರಿಗೆ ಹೋಗುತ್ತಾರೆ.

ವಲಿಯ ಎಂದರೆ ದೊಡ್ಡ, ಪರಂಬು ಎಂದರೆ ಹಿತ್ತಿಲು. ಹೆಸರು ಕೇಳಿ ಮೋಸ ಹೋಗಬೇಡಿ. ಉದ್ದ ಸುಮಾರು 24 ಕಿಲೋಮೀಟರ್ ಇದೆ, ಸರಿ. ಅಗಲ ಮಾತ್ರ ಹೆಸರಿಗಷ್ಟೇ. ಕೆಲವು ಕಡೆ ಒಂದು ಬೀಡಾ ಜಗಿದು ಮುಗಿಯುವಷ್ಟರಲ್ಲಿ ಈ ದಡದಿಂದ ಆ ದಡಕ್ಕೆ ನಡೆದುಬಿಡಬಹುದು. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಕವ್ವಾಯಿ ಹಿನ್ನೀರು, ನಡುವೆ ತೆಂಗಿನ ಮರಗಳ ಒಂದು ಮರಳಿನ ಪಟ್ಟಿ. ಅಲ್ಲಿಯ ಜನ ಹಿನ್ನೀರನ್ನು ಕಾಯಲ್ ಎನ್ನುತ್ತಾರೆ. ಕಾಯಲಿನ ನಡುವೆ ಇನ್ನೂ ಸಣ್ಣಸಣ್ಣ ನೆಲಗಳಿವೆ. ಅವಕ್ಕೆ ತುರುತ್ತಿ ಎಂದು ಹೆಸರು. ನಮ್ಮ ಕಡೆ ಕುದ್ರು ಎನ್ನುತ್ತೇವಲ್ಲ, ಅದೇ.

ಈಗ ಜುಲೈ ವಿಷಯಕ್ಕೆ ಬರುತ್ತೇನೆ. ಈ ಊರಿನ ಬದುಕು ನಿಂತಿರುವುದು ನೀರಿನ ಉಪ್ಪಿನ ಮೇಲೆ. ಮಳೆ ನಿಂತು ಹೊಳೆಗಳ ರಭಸ ಇಳಿದ ಮೇಲೆ ಅಳಿವೆಯಿಂದ ಸಮುದ್ರದ ನೀರು ಒಳಗೆ ನುಗ್ಗುತ್ತದೆ. ನವೆಂಬರ್ ಹೊತ್ತಿಗೆ ಕಾಯಲಿನ ನೀರು ಉಪ್ಪಾಗುತ್ತದೆ. ಜೂನ್‌ನಲ್ಲಿ ಮಳೆ ಹೊಡೆದ ಕೂಡಲೇ ಹೊಳೆಗಳೆಲ್ಲ ತುಂಬಿ ಬಂದು ಅದೇ ನೀರು ಸಪ್ಪೆಯಾಗುತ್ತದೆ. ಈ ನಡುವಿನ ಆರೇಳು ತಿಂಗಳಲ್ಲಿ ಅಲ್ಲಿ ಒಂದು ಕೃಷಿ ನಡೆಯುತ್ತದೆ. ಭತ್ತವೂ ಅಲ್ಲ, ಅಡಿಕೆಯೂ ಅಲ್ಲ. ಕಡುಕ್ಕ ಕೃಷಿ.

ಕಡುಕ್ಕ ಎಂದರೆ ಹಸಿರು ಅಂಚಿನ ಕಪ್ಪು ಚಿಪ್ಪಿನ ಒಂದು ಜೀವಿ. ಕಲ್ಲುಮ್ಮಕ್ಕಾಯಿ ಎಂದೂ ಹೇಳುತ್ತಾರೆ. ತುಳುವಿನಲ್ಲಿ ಪಚ್ಚಿಲೆ. ಮಂಗಳೂರಿನವರಿಗೆ ಗೊತ್ತು, ಮೈಸೂರಿನವರಿಗೆ ನೋಡಿಯೇ ತಿಳಿಯಬೇಕು. ಸಹಜವಾಗಿ ಇದು ಬೆಳೆಯುವುದು ಸಮುದ್ರದ ಬಂಡೆಗಳ ಮೇಲೆ. ಮುಳುಗಿ, ಉಳಿಯಂಥ ಕಬ್ಬಿಣದಿಂದ ಎಬ್ಬಿಸಿ ತರಬೇಕು. 1990ರ ದಶಕದ ನಡುವಿನಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇದನ್ನು ಕಾಯಲಿನಲ್ಲಿ ಹಗ್ಗದ ಮೇಲೆ ಬೆಳೆಸಬಹುದು ಎಂದು ಚೆರುವತ್ತೂರು, ಪಡನ್ನ ಕಡೆಯವರಿಗೆ ತೋರಿಸಿಕೊಟ್ಟರು. ಅದನ್ನು ಮೊದಮೊದಲು ಕೈಗೆತ್ತಿಕೊಂಡವರಲ್ಲಿ ಹೆಂಗಸರ ಗುಂಪುಗಳೇ ಮುಂದೆ. ನಿಮ್ಮಲ್ಲಿ ಸ್ತ್ರೀಶಕ್ತಿ ಸಂಘ ಎನ್ನುತ್ತಾರಲ್ಲ, ಅಂಥವು.

ಕೆಲಸ ನೋಡಲು ಚೆಂದ. ಕಾಯಲು ಅಲ್ಲಿ ಆಳವಿಲ್ಲ. ಬಿದಿರಿನ ಕಂಬವನ್ನೋ ಅಡಿಕೆ ಮರದ ಕಂಬವನ್ನೋ ಕೆಸರಿಗೆ ಊರಿ, ಮೇಲೆ ಅಡ್ಡಗಳು ಕಟ್ಟಿ ಚಪ್ಪರ ಮಾಡುತ್ತಾರೆ. ಮದುವೆ ಚಪ್ಪರದ ಹಾಗೆಯೇ, ನೀರಿನಲ್ಲಿ ನಿಂತಿದೆ ಅಷ್ಟೆ. ಬಂಡೆಗಳಿಂದ ತಂದ ಉಗುರಿನಷ್ಟು ದೊಡ್ಡ ಮರಿಗಳನ್ನು ಹಗ್ಗದ ಸುತ್ತ ಹರಡಿ, ಮೇಲಿಂದ ಹತ್ತಿಯ ಸೊಳ್ಳೆಪರದೆ ಬಟ್ಟೆ ಸುತ್ತಿ ಹೊಲಿಯುತ್ತಾರೆ. ಒಂದು ಮೀಟರ್ ಹಗ್ಗಕ್ಕೆ ಒಂದು, ಒಂದೂವರೆ ಕಿಲೋ ಮರಿ. ಆ ಹಗ್ಗವನ್ನು ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಕೆಲವು ದಿನಗಳಲ್ಲಿ ಬಟ್ಟೆ ಕೊಳೆತು ಹೋಗುತ್ತದೆ. ಅಷ್ಟರೊಳಗೆ ಮರಿಗಳು ತಮ್ಮದೇ ನೂಲು ಬಿಟ್ಟು ಹಗ್ಗವನ್ನು ಕಚ್ಚಿ ಹಿಡಿದಿರುತ್ತವೆ. ಗೊಬ್ಬರ ಬೇಡ, ಮೇವು ಬೇಡ. ನೀರಿನಲ್ಲಿ ತೇಲಿ ಬರುವುದನ್ನು ಸೋಸಿ ತಿಂದು ದಪ್ಪವಾಗುತ್ತವೆ. ಏಪ್ರಿಲ್, ಮೇ ಹೊತ್ತಿಗೆ ಹಗ್ಗ ಎತ್ತಿದರೆ ಒಬ್ಬರಿಂದ ಆಗುವುದಿಲ್ಲ, ಅಷ್ಟು ಭಾರ.

ಕೇಳಲು ಸುಲಭ ಅನ್ನಿಸುತ್ತದೆ ಅಲ್ವಾ? ನಷ್ಟ ಆಗುವುದೂ ಅಷ್ಟೇ ಸುಲಭ. ಮೇ ತಿಂಗಳಲ್ಲಿ ಮಳೆ ಸ್ವಲ್ಪ ಬೇಗ ಬಂತು ಎಂದಿಟ್ಟುಕೊಳ್ಳಿ. ಉಪ್ಪು ಇಳಿಯಿತು. ಹಗ್ಗದಲ್ಲೇ ಎಲ್ಲ ಬಾಯಿ ಬಿಟ್ಟು ಸಾಯುತ್ತವೆ. ಮಳೆ ಬರುವ ಮುಂಚೆ ಎಲ್ಲರೂ ಒಟ್ಟಿಗೆ ಕೊಯ್ದರೆ ಬೆಲೆ ಬೀಳುತ್ತದೆ. ವ್ಯಾಪಾರಿ ಬಂದು ಹೇಳಿದ ರೇಟಿಗೆ ಕೊಡಬೇಕು, ಯಾಕೆಂದರೆ ಆಕಾಶ ಕಪ್ಪಾಗಿರುವುದು ಅವನಿಗೂ ಕಾಣುತ್ತದೆ. ನಮ್ಮ ಕಡೆ ಅಂಗಳದಲ್ಲಿ ಅಡಿಕೆ ಒಣಗಲು ಹಾಕಿ ಮೋಡ ನೋಡುತ್ತೇವಲ್ಲ, ಅದೇ ಎದೆಬಡಿತ.

ಇನ್ನು ತಿನ್ನುವ ಮಾತು. ಅಲ್ಲಿಗೆ ಹೋದರೆ ಅರಿಕಡುಕ್ಕ ತಿನ್ನದೆ ಬರಬೇಡಿ. ಅರಿ ಎಂದರೆ ಅಕ್ಕಿ. ಕಡುಕ್ಕದ ಚಿಪ್ಪನ್ನು ತಿಕ್ಕಿ ತೊಳೆದು, ಹಸಿಯಾಗಿರುವಾಗಲೇ ಚಾಕುವಿನಲ್ಲಿ ಬಾಯಿ ಬಿಡಿಸಿ, ಒಳಗಿನ ನಾರು ಕಿತ್ತು ತೆಗೆಯುತ್ತಾರೆ. ನೆನೆಸಿದ ಕುಚ್ಚಲಕ್ಕಿಯನ್ನು ತೆಂಗಿನಕಾಯಿ, ಸಣ್ಣ ಈರುಳ್ಳಿ, ಸೋಂಪು ಹಾಕಿ ಗಟ್ಟಿಯಾಗಿ, ತರಿತರಿಯಾಗಿ ರುಬ್ಬುತ್ತಾರೆ. ಆ ಹಿಟ್ಟನ್ನು ಚಿಪ್ಪಿನೊಳಗೆ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ಚಿಪ್ಪು ಬಿಡಿಸಿದರೆ ಚಿಪ್ಪಿನದೇ ಆಕಾರದ ಒಂದು ಕಡುಬು ಕೈಗೆ ಬರುತ್ತದೆ, ಅದರ ಮೈಗೆ ಮಾಂಸ ಅಂಟಿಕೊಂಡಿರುತ್ತದೆ. ಅದನ್ನು ಮೆಣಸಿನ ಪುಡಿ, ಅರಿಶಿನ, ಉಪ್ಪು ಕಲಸಿದ ಮಸಾಲೆಯಲ್ಲಿ ಹೊರಳಿಸಿ ತೆಂಗಿನೆಣ್ಣೆಯಲ್ಲಿ ಹುರಿಯುತ್ತಾರೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಜೊತೆಗೆ ಹಾಲು ಹಾಕದ ಸುಲೈಮಾನಿ ಚಹಾ.

ಮೊದಲ ಸಲ ತಿಂದಾಗ ನನಗೆ ನಮ್ಮ ಮರುವಾಯಿ ಪುಂಡಿ ನೆನಪಾಯಿತು. ಮರುವಾಯಿಯೂ ಒಂದು ಚಿಪ್ಪಿನ ಜೀವಿ, ಪುಂಡಿ ಎಂದರೆ ಅಕ್ಕಿಯ ಉಂಡೆ ಕಡುಬು. ನಾವು ಅಕ್ಕಿಯ ಪುಂಡಿ ಮಾಡಿ ಮರುವಾಯಿ ಸಾರಿನೊಳಗೆ ಹಾಕುತ್ತೇವೆ. ಅವರು ಅಕ್ಕಿಯನ್ನೇ ಚಿಪ್ಪಿನೊಳಗೆ ತುಂಬುತ್ತಾರೆ. ಆ ಮರುವಾಯಿಯೂ ಕಾಯಲಿನಲ್ಲಿ ಧಾರಾಳ ಇದೆ, ಅಲ್ಲಿ ಎಳಂಬಕ್ಕ ಎನ್ನುತ್ತಾರೆ. ಇಳಿತದ ಹೊತ್ತಿಗೆ ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ನಿಂತು ಕೈಯಿಂದ ತಡಕಿ ಆಯುವುದು ಕಾಣುತ್ತದೆ. ಪಾತ್ರೆಯನ್ನು ಸೊಂಟಕ್ಕೆ ಹಗ್ಗ ಕಟ್ಟಿ ನೀರಿನಲ್ಲಿ ತೇಲಿಬಿಟ್ಟಿರುತ್ತಾರೆ.

ಒಂದು ಎಚ್ಚರಿಕೆ, ಅನುಭವದಿಂದ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನಿಂದ ಬಂದ ಭಾವನವರನ್ನು ಇದೇ ಜುಲೈಯಲ್ಲಿ ಕರೆದುಕೊಂಡು ಹೋಗಿದ್ದೆ. ಹೌಸ್‌ಬೋಟಿನ ಹುಡುಗ ಕಡುಕ್ಕ ಇದೆ ಎಂದ. ತಂದು ಇಟ್ಟ. ರಬ್ಬರಿನ ಹಾಗಿತ್ತು, ಹಲ್ಲಿಗೆ ಮರಳು ಬೇರೆ. ಎಷ್ಟು ದಿನ ಐಸಿನಲ್ಲಿ ಮಲಗಿತ್ತೋ ದೇವರೇ ಬಲ್ಲ. ಭಾವನವರು ಮರ್ಯಾದೆಗೆ ಎರಡು ತಿಂದು "ಚೆನ್ನಾಗಿದೆ" ಎಂದರು. ವಾಪಸು ಬರುವಾಗ ಆಟೋದವರಿಗೆ ಹೇಳಿದರೆ ಅವರು ತಿರುಗಿ ನೋಡಿ "ಮಳೆಯಲ್ಲಿ ಕಡುಕ್ಕವಾ?" ಎಂದು ನಕ್ಕೇ ನಕ್ಕರು. ಆವತ್ತಿನಿಂದ ಜುಲೈಗೆ ಯಾರನ್ನೂ ಕರೆಯುವುದಿಲ್ಲ. ಮೇಲಾಗಿ ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, 52 ದಿನ. ಕರ್ನಾಟಕದಲ್ಲಿ ಜೂನ್ 1ರಿಂದಲೇ, 61 ದಿನ. ಹೆಚ್ಚುಕಡಿಮೆ ಇಡೀ ಕರಾವಳಿಗೆ ಅದು ಮೀನಿಗೆ ತುಟ್ಟಿಯ ಕಾಲ.

ಒಳ್ಳೆಯ ಕಡುಕ್ಕಕ್ಕೆ ದೊಡ್ಡ ಹೋಟೆಲ್ ಹುಡುಕಬೇಡಿ. ಅಲ್ಲಿ ಅಂಥದ್ದು ಜಾಸ್ತಿ ಇಲ್ಲ ಕೂಡ. ಸಂಜೆ ಚಹಾದ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಪಳಂಪೊರಿ, ಉಳ್ಳಿವಡೆಯ ಪಕ್ಕದಲ್ಲೇ ಇರುತ್ತದೆ. ಪಳಂಪೊರಿ ಎಂದರೆ ನೇಂದ್ರ ಬಾಳೆಯ ಪೋಡಿ, ನಿಮ್ಮ ಬಜ್ಜಿ. ಮಧ್ಯಾಹ್ನದ ಊಟಕ್ಕೆ ಕುಟುಂಬಶ್ರೀ ಹೆಂಗಸರ ಹೋಟೆಲ್ ಸಿಕ್ಕರೆ ಬೇರೆ ಕಡೆ ಹೋಗಬೇಡಿ. 1998ರಲ್ಲಿ ಶುರುವಾದ ಕುಟುಂಬಶ್ರೀ ಎಂಬ ಈ ಹೆಂಗಸರ ಸ್ವಸಹಾಯ ಗುಂಪುಗಳ ಜಾಲ ಈಗ ಕೇರಳದ ಮೂಲೆಮೂಲೆಯಲ್ಲಿದೆ. ಕುಚ್ಚಲಕ್ಕಿ ಅನ್ನ, ಮೀನು ಸಾರು, ಒಂದು ಪಲ್ಯ, ಹಪ್ಪಳ. ಮನೆಯಲ್ಲಿ ಬಡಿಸಿದ ಹಾಗೆ "ಇನ್ನೊಂದು ಸ್ವಲ್ಪ" ಎನ್ನುತ್ತಾರೆ. ಕಪ್ಪು ಫಲಕದಲ್ಲಿ ಬಿಳಿ ಅಕ್ಷರದಲ್ಲಿ ಎರಡೇ ಅಕ್ಷರ ಬರೆದ ಅಂಗಡಿ ಕಂಡರೆ ಅದು ಕಳ್ಳಂಗಡಿ, ಶೇಂದಿಯದ್ದು. ಅಲ್ಲಿ ಮರಗೆಣಸು, ಮೀನಿನ ಖಾರ ಚೆನ್ನಾಗಿರುತ್ತದೆ ಎಂದು ಕುಡಿಯುವವರೂ ಹೇಳುತ್ತಾರೆ, ಕುಡಿಯದವರೂ ಹೇಳುತ್ತಾರೆ. ನಾನು ಎರಡನೆಯ ಗುಂಪು, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಭಾಷೆಯ ಬಗ್ಗೆ ಹೆದರಿಕೆ ಬೇಡ. ಊಣ್ ಎಂದರೆ ಊಟ, ತೋಣಿ ಎಂದರೆ ದೋಣಿ, ಅಳಿ ಎಂದರೆ ಅಳಿವೆ. ಕಿವಿ ಕೊಟ್ಟರೆ ಅರ್ಧ ಅರ್ಥವಾಗುತ್ತದೆ. ಅರ್ಧ ಅರ್ಥವಾಗುವುದೇ ಅಪಾಯ. ಅನ್ನಕ್ಕೆ ಚೋರ್ ಎನ್ನುತ್ತಾರೆ. ನಾವು ಕನ್ನಡದವರು ಎಲ್ಲ ಪದಕ್ಕೂ ಕೊನೆಯಲ್ಲಿ ಒಂದು ಸ್ವರ ಎಳೆದು ರೂಢಿ. ನಮ್ಮ ಭಾವನವರು ಎರಡನೇ ಸಲ ಬಡಿಸಲು ಬಂದಾಗ ಗತ್ತಿನಲ್ಲಿ "ಚೋರ, ಚೋರ" ಎಂದರು. ಮಲಯಾಳದಲ್ಲಿ ಚೋರ ಎಂದರೆ ರಕ್ತ! ಬಡಿಸುವ ಚೇಚಿ ಒಂದು ಕ್ಷಣ ಅವರ ಬೆರಳು ನೋಡಿದರು, ಎಲ್ಲಿ ಗಾಯವಾಯಿತೋ ಎಂದು. ಪಟ್ಟಿ ಎಂಬ ಪದವನ್ನಂತೂ ಬಾಯಿಗೆ ತರಲೇಬೇಡಿ. ಲೆಕ್ಕದ ಪಟ್ಟಿ ಕೊಡಿ ಎಂದು ನೀವು ಕೇಳುತ್ತೀರಿ, ಅವರು ನಾಯಿ ಎಲ್ಲಿ ಎಂದು ಹುಡುಕುತ್ತಾರೆ. ಸುಮ್ನೆ ಬಿಲ್ ಎನ್ನಿ. ದೊಡ್ಡವರಿಗೆ ಚೇಟ, ಚೇಚಿ, ಅಂದರೆ ಅಣ್ಣ, ಅಕ್ಕ ಎಂದರೆ ಸಾಕು, ಮುಸ್ಲಿಂ ಮನೆಗಳಲ್ಲಿ ಅದಕ್ಕೇ ಇಕ್ಕ, ಇತ್ತ. ಹಿಂದಿಯಲ್ಲಿ ಶುರು ಮಾಡುವುದಕ್ಕಿಂತ ಕನ್ನಡದಲ್ಲೇ ನಿಧಾನ ಮಾತಾಡಿ. ಮಂಗಳೂರಿಗೆ ಆಸ್ಪತ್ರೆಗೆ, ಕಾಲೇಜಿಗೆ ಹೋಗಿ ಬಂದವರು ಅಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ, ಯಾರಾದರೂ "ಎಂತ ಬೇಕು?" ಎನ್ನುತ್ತಾರೆ.

ತೆಂಗಿನ ನಾರಿನ ಕೆಲಸ ಈಗ ಕಡಿಮೆ. ಕಾಯಲಿನ ಬದಿಯಲ್ಲಿ ಸಿಪ್ಪೆ ಕೊಳೆಹಾಕಿದ ವಾಸನೆ ಬಂದರೆ ಅಲ್ಲಿ ಇನ್ನೂ ಯಾರೋ ಹಗ್ಗ ಹೊಸೆಯುತ್ತಿದ್ದಾರೆ ಎಂದು ತಿಳಿಯಿರಿ. ಹೌಸ್‌ಬೋಟು ಬೇಕಿದ್ದರೆ ನೀಲೇಶ್ವರದ ಹತ್ತಿರ ಕೋಟ್ಟಪ್ಪುರದಲ್ಲಿ ಹತ್ತಬಹುದು. ನನ್ನನ್ನು ಕೇಳಿದರೆ ಆ ದುಡ್ಡಿಗೆ ಎರಡು ದಿನ ದ್ವೀಪದಲ್ಲೇ ಇದ್ದು ನಡೆಯುವುದು ಲೇಸು.

ನಡೆಯುವುದಾದರೆ ಪಕ್ಕದ ಎಡಯಿಲೆಕ್ಕಾಡಿಗೂ ಹೋಗಿ. ಅದೂ ಒಂದು ತುರುತ್ತಿ. ತ್ರಿಕ್ಕರಿಪುರ ಕಡೆಯಿಂದ ನೀರಿನ ನಡುವೆ ದಾರಿ ಇದೆ. ಅಲ್ಲೊಂದು ನಾಗನ ಕಾವು, ಅಂದರೆ ನಮ್ಮ ನಾಗಬನ. ತುಂಬ ಮಂಗಗಳು. ಓಣಂ ಮುಗಿದ ಮಾರನೆಯ ದಿನ ಊರಿನ ಗ್ರಂಥಾಲಯದ ಮಕ್ಕಳು ಅವಕ್ಕೆ ಎಲೆ ಹಾಕಿ ಓಣಂ ಊಟ ಬಡಿಸುತ್ತಾರೆ. ಅನ್ನ, ಹಣ್ಣು, ತರಕಾರಿ ಎಲ್ಲ ಇರುತ್ತದೆ, ಉಪ್ಪು ಮಾತ್ರ ಹಾಕುವುದಿಲ್ಲ. ಉಪ್ಪು ನೀರಿನ ನಡುವೆ ಬದುಕುವ ಮಂಗಗಳಿಗೆ ಸಪ್ಪೆ ಊಟ!

ಬರುವ ದಾರಿ ಹೇಳುತ್ತೇನೆ. ಮಂಗಳೂರಿನಿಂದ ಪ್ಯಾಸೆಂಜರ್ ರೈಲು ಹತ್ತಿ, ಎಡಗಡೆ ಕೂತುಕೊಳ್ಳಬೇಡಿ, ಕಡಲು ಬಲಗಡೆ. ಮಂಜೇಶ್ವರ, ಕುಂಬಳೆ, ಕಾಸರಗೋಡು, ಕಾಞಂಗಾಡು, ನೀಲೇಶ್ವರ, ಆಮೇಲೆ ಚೆರುವತ್ತೂರು. ಸುಮಾರು ಎರಡು ಗಂಟೆ. ಅಲ್ಲಿಂದ ಬಸ್ಸೋ ಆಟೋವೋ ಹಿಡಿದರೆ ಮಾವಿಲಾಕಡಪ್ಪುರದ ಸೇತುವೆ ದಾಟಿ ದ್ವೀಪಕ್ಕೆ ಹೋಗಬಹುದು. ಸೇತುವೆ ಇಲ್ಲದ ಕಾಲದಲ್ಲಿ ಹೆರಿಗೆ ನೋವು ಬಂದರೂ ಕಡವಿನಲ್ಲಿ ದೋಣಿಗೆ ಕಾಯಬೇಕಿತ್ತು ಎಂದು ಅಲ್ಲಿಯ ಹಳಬರು ಹೇಳುತ್ತಾರೆ. ಆಯಿಟ್ಟಿಯಲ್ಲಿ ಜಲಸಾರಿಗೆ ಇಲಾಖೆಯ ಬೋಟು ಕಟ್ಟೆಯೂ ಇದೆ. ಬೋಟಿನಲ್ಲಿ ಹೋಗುವ ಆಸೆಯಿದ್ದರೆ ಮುಂಚಿನ ದಿನವೇ ಸಮಯ ಕೇಳಿಕೊಳ್ಳಿ.

ಏಪ್ರಿಲ್ ಕೊನೆಗೆ ರಜೆ ಹಾಕಿ. ಸೆಖೆ ವಿಪರೀತ ಇರುತ್ತದೆ, ಅದನ್ನು ಸಹಿಸಿಕೊಳ್ಳಿ. ಕುಂಬಳೆ ಬಂದಾಗ ಫೋನ್ ಮಾಡಿ, ನಾನೂ ಅದೇ ರೈಲು ಹತ್ತುತ್ತೇನೆ. ಒಂದು ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬ ತನ್ನಿ. ಮೈಸೂರಿನವರೆಗೆ ಉಳಿಯುತ್ತದೆ ಎಂದು ಹೇಳಲಾರೆ, ಮಂಗಳೂರು ದಾಟುವ ಮೊದಲೇ ಖಾಲಿಯಾಗುತ್ತದೆ.