ಲೀಲಂಡ್ ಸ್ಟ್ಯಾನ್‌ಫರ್ಡ್ ಟೈಮ್‌ಲೈನಲ್ಲಿ ಗವರ್ನರ್ ಮತ್ತೆ ರೈಲ್ವೆ ಅಧ್ಯಕ್ಷ ಎರಡರ ಇಸವಿ ಕ್ಲ್ಯಾಶ್, ಯಾವ್ದು ತಪ್ಪು?
ಎರಡೂ ತಪ್ಪಲ್ಲ, ಒಂದು ಬಿಟ್ಮೇಲೆ ಇನ್ನೊಂದು ಅಂತ ಸಾಲಾಗಿ ಜೋಡಿಸಿರ್ತೀರ ಅನ್ಸುತ್ತೆ (ನಿಮ್ಮ ಶೀಟ್ ನೋಡಿಲ್ಲ, ಊಹೆ ಅಷ್ಟೆ). ಆಸಾಮಿ 1861ರಲ್ಲೇ ಸೆಂಟ್ರಲ್ ಪೆಸಿಫಿಕ್ ಅನ್ನೋ ರೈಲ್ವೆ ಕಂಪನಿ ಅಧ್ಯಕ್ಷ ಆದ, 1862-63 ಕ್ಯಾಲಿಫೋರ್ನಿಯಾ ಗವರ್ನರ್, 1863 ಜನವರಿಲಿ ಸ್ಯಾಕ್ರಮೆಂಟೊದಲ್ಲಿ ಗವರ್ನರ್ ಆಗಿದ್ಕೊಂಡೇ ತನ್ನದೇ ಕಂಪನಿ ಲೈನಿಗೆ ಗುದ್ದಲಿ ಪೂಜೆ ಮಾಡ್ದ, ಈಗಾಗಿದ್ರೆ ಟೀವಿಯವ್ರು ಬಿಡ್ತಿದ್ರಾ!

ಮೊದ್ಲು ರಾಜಕೀಯ, ರೈಲ್ವೆ ಅಂತ ಎರಡು ಕಾಲಂ ಮಾಡಿ. ವಿಸ್ಕಾನ್ಸಿನ್ ವಕೀಲಿಕೆನ 1852ಕ್ಕೆ ನಿಲ್ಸಿ, ಆಫೀಸ್ ಸುಟ್ಟೋದ್ಮೇಲೆ ಕ್ಯಾಲಿಫೋರ್ನಿಯಾಗೆ ಹೋಗಿ ವ್ಯಾಪಾರಕ್ಕಿಳಿದ. ಆಮೇಲೆ ರೈಲ್ವೆ ಕಾಲಮ್ಮಲ್ಲಿ 1869 ಮೇ 10 ಹಾಕಿ, ಯೂಟಾದ ಪ್ರಾಮೊಂಟರಿಲಿ ಪೂರ್ವ-ಪಶ್ಚಿಮದ ಹಳಿಗಳು ಸೇರಿದ ಗುರುತಿಗೆ ಚಿನ್ನದ ಮೊಳೆ ಹೊಡೆದ ದಿನ. ರಾಜಕೀಯದ್ದು 1863ರಿಂದ 1885ರವರೆಗೆ ಖಾಲಿ ಬಿಡಿ, ಅಲ್ಲಿಂದ 1893ರಲ್ಲಿ ಸಾಯೋವರ್ಗೂ ಸೆನೆಟರ್.