ಹಳೇ ಎಸ್ಟೀಮ್‌ನ ಬ್ಲೋವರ್ ಕಿರುಗುಟ್ಟುತ್ತಿದೆ, ಪಾರ್ಟ್ಸ್ ಎಲ್ಲಿ ಹುಡುಕಲಿ?

ಪ್ರಶ್ನೆ: ನಮ್ಮ ತಂದೆ ಕೊಂಡಿದ್ದ 2004ರ ಮಾರುತಿ ಎಸ್ಟೀಮ್ ಪೆಟ್ರೋಲ್ ಕಾರನ್ನು ಇನ್ನೂ ಓಡಿಸುತ್ತಿದ್ದೇನೆ. ಒಳಗೆ ಗಾಳಿ ಬೀಸುವ ಬ್ಲೋವರ್ ಫ್ಯಾನ್ ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗುತ್ತದೆ, ಅದೂ ಕಿರ್ ಕಿರ್ ಎನ್ನುತ್ತಾ. ಸಿಗ್ನಲ್‌ನಲ್ಲಿ ನಿಂತರೆ ಸ್ಟೀರಿಂಗ್‌ವರೆಗೂ ನಡುಗುತ್ತದೆ. ಎಂಜಿನ್ ಮೇಲೆ ಆಯಿಲ್ ಜಿನುಗುತ್ತದೆ. ಮೆಕ್ಯಾನಿಕ್ ಮಾತ್ರ "ಇದರ ಪಾರ್ಟ್ಸ್ ಬರಂಗಿಲ್ರಿ, ಗುಜರಿಗೆ ಹಾಕ್ರಿ" ಅಂತಾರೆ. ಏನು ಮಾಡಲಿ?
– ಓದುಗರೊಬ್ಬರು, ವಿಜಯಪುರ

ಉತ್ತರ: ಗುಜರಿಗೆ ಹಾಕಬೇಡಿ. ಗುಜರಿಗೆ ಹೋಗಿ, ಅಷ್ಟೇ.

ಮೊದಲು ಬ್ಲೋವರ್. ಕೊನೆಯ ಸ್ಪೀಡ್ ಬರುತ್ತದೆ, ಕೆಳಗಿನವು ಬರುವುದಿಲ್ಲ ಎಂದರೆ ಫ್ಯೂಸ್ ಸರಿ ಇದೆ, ಮೋಟರಿಗೂ ಜೀವ ಇದೆ. ಸುಟ್ಟಿರುವುದು ಬಹುತೇಕ ರೆಸಿಸ್ಟರ್, ಅಂದರೆ ಕರೆಂಟ್ ತಗ್ಗಿಸಿ ಸ್ಪೀಡ್ ಇಳಿಸುವ ಭಾಗ. ಕಡಿಮೆ ಸ್ಪೀಡಿನ ಕರೆಂಟ್ ಅದರ ಮೂಲಕ ಹೋಗುತ್ತದೆ, ಕೊನೆಯ ಸ್ಪೀಡಿನದು ಅದನ್ನು ಬಿಟ್ಟು ನೇರ ಮೋಟರಿಗೆ ಹೋಗುತ್ತದೆ. ಎಡಗಡೆ ಡ್ಯಾಶ್‌ಬೋರ್ಡ್ ಕೆಳಗೆ, ಬ್ಲೋವರ್ ಪೆಟ್ಟಿಗೆಗೇ ಅದನ್ನು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಗಾಳಿ ಬಡಿದು ತಣ್ಣಗಿರಲಿ ಎಂದು.

ಆದರೆ ಸುಮ್ನೆ ರೆಸಿಸ್ಟರ್ ಒಂದನ್ನೇ ಬದಲಿಸಿದರೆ ಸ್ವಲ್ಪ ದಿನಕ್ಕೆ ಅದೂ ಸುಡಬಹುದು. ಆ ಕಿರ್ ಕಿರ್ ಇದೆಯಲ್ಲ, ಅದೇ ಮೂಲ. ಶಾಫ್ಟ್ ತಿರುಗುವ ಬುಷ್ ಒಣಗಿ ಮೋಟರ್ ಬಿಗಿಯಾದರೆ ಕರೆಂಟ್ ಜಾಸ್ತಿ ಎಳೆಯುತ್ತದೆ, ರೆಸಿಸ್ಟರ್ ಬಿಸಿಯಾಗುತ್ತದೆ. ಆ ಕಾಲದ ಬಹಳಷ್ಟು ಕಾರುಗಳಲ್ಲಿ ಕ್ಯಾಬಿನ್ ಫಿಲ್ಟರ್ ಇಲ್ಲ. ನಿಮ್ಮ ಕಡೆಯ ದೂಳು, ಹೊಟ್ಟು ಎಲ್ಲ ನೇರ ಫ್ಯಾನಿಗೇ. ಒಮ್ಮೆ ನಾನು ಬಿಚ್ಚಿದ ಬ್ಲೋವರ್‌ನಲ್ಲಿ ಇಲಿ ಒಂದು ಬೊಗಸೆ ಶೇಂಗಾ ಸಿಪ್ಪೆ ಸೇರಿಸಿಟ್ಟಿತ್ತು! ಹಾಗಾಗಿ ಮೋಟರ್ ಇಳಿಸಿ, ಫ್ಯಾನ್ ತೊಳೆಯಿರಿ, ಕಾರ್ಬನ್ ಬ್ರಷ್ ಸವೆದಿದೆಯಾ ನೋಡಿ. ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟಾಗ ಸದ್ದಿಲ್ಲದೆ ತಿರುಗಿದರೆ ಸಾಕು. ವೈರ್ ಜೋಡಿಸುವ ಪ್ಲಾಸ್ಟಿಕ್ ಕಪ್ಲರ್ ಕರಗಿದ್ದರೆ ಅದನ್ನೂ ಬದಲಿಸಿ. ರೆಸಿಸ್ಟರ್ ಜಾಗದಲ್ಲಿ ವೈರ್ ಸುತ್ತಿ 'ಜುಗಾಡ್' ಮಾಡುವವರಿದ್ದಾರೆ, ದೊಡ್ಡ ಫ್ಯೂಸ್ ಹಾಕುವವರೂ ಇದ್ದಾರೆ. ಎರಡೂ ಬೇಡ, ಬೆಂಕಿ ಹತ್ತುತ್ತದೆ.

ಎಂಜಿನ್ ವಿಷಯದಲ್ಲಿ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಅರ್ಧ ಮಾತ್ರ ನಿಜ. ನಿಮ್ಮದು ಸುಜುಕಿಯ 1.3 ಲೀಟರಿನ ಜಿ13 ಎಂಜಿನ್. ಇದೇ ಕುಟುಂಬದ ಎಂಜಿನ್ ಜಿಪ್ಸಿ ಕಿಂಗ್‌ನಲ್ಲಿತ್ತು, ಮೊದಲ ಸ್ವಿಫ್ಟ್ ಪೆಟ್ರೋಲಿನಲ್ಲೂ ಇತ್ತು. ಎಸ್ಟೀಮ್ ನಿಂತ ಮೇಲೂ ಜಿಪ್ಸಿ ಎಷ್ಟೋ ವರ್ಷ ಬಂತು. ಹಾಗಾಗಿ ಪಿಸ್ಟನ್ ರಿಂಗ್, ಬೇರಿಂಗ್ ಥರದ ಒಳಗಿನ ಸಾಮಾನನ್ನು ಕಾರಿನ ಹೆಸರು ಹೇಳಿ ಕೇಳಬೇಡಿ, ಎಂಜಿನ್ ಹೆಸರು ಹೇಳಿ ಕೇಳಿ. 16 ವಾಲ್ವಿನದು ಎಂದೂ ಹೇಳಿ, ಹಳೇ ಕಾರ್ಬುರೇಟರ್ ಎಂಜಿನ್ನಿನದು 8 ವಾಲ್ವ್. ಹೊರಗಿನ ಸಾಮಾನಿಗೆ ಈ ಲೆಕ್ಕ ನಡೆಯುವುದಿಲ್ಲ. ಜಿಪ್ಸಿಯಲ್ಲಿ ಎಂಜಿನ್ ಉದ್ದಕ್ಕೆ ಕೂತಿದೆ, ನಿಮ್ಮದರಲ್ಲಿ ಅಡ್ಡಕ್ಕೆ. ಎಂಜಿನ್ ಕೂರಿಸುವ ಮೌಂಟಿಂಗ್, ಹೋಸ್ ಎಸ್ಟೀಮ್‌ನದೇ ಬೇಕು.

ಆ ನಡುಕಕ್ಕೆ ನನ್ನ ಮೊದಲ ಅನುಮಾನ ಮೌಂಟಿಂಗ್ ರಬ್ಬರ್ ಮೇಲೆಯೇ. ಬಾನೆಟ್ ತೆಗೆದು, ಬ್ರೇಕ್ ಒತ್ತಿಕೊಂಡು ಗೇರ್ ಹಾಕಿ ಕ್ಲಚ್ ಸ್ವಲ್ಪ ಬಿಡಿ, ಹೊರಗೆ ಪಕ್ಕದಲ್ಲಿ ನಿಂತು ಒಬ್ಬರು ನೋಡಲಿ. ಎಂಜಿನ್ ಎದ್ದು ಕುಣಿದರೆ ರಬ್ಬರ್ ಹೋಗಿದೆ. ಕುಣಿಯದಿದ್ದರೆ ಪ್ಲಗ್ ನೋಡಿಸಿ, ಕಾರು ನಿಂತಾಗ ಎಂಜಿನ್‌ಗೆ ಗಾಳಿ ಬಿಡುವ ಐಡಲ್ ವಾಲ್ವಿನಲ್ಲಿ ಕಾರ್ಬನ್ ಕಟ್ಟಿದೆಯಾ ನೋಡಿಸಿ. ಆಯಿಲ್ ಜಿನುಗುವುದು ಎಂಜಿನ್ ಮೇಲಿನ ಮುಚ್ಚಳದ, ಅಂದರೆ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್‌ನಿಂದ ಇರಬಹುದು, ದೊಡ್ಡ ಖರ್ಚಲ್ಲ.

ಇನ್ನು ಹುಡುಕಾಟ. ಎಂಜಿನ್ ಬಿಚ್ಚಿ ಹೆಡ್ ಫೇಸಿಂಗ್, ಬೋರಿಂಗ್ ಥರದ ಮಷಿನ್ ಕೆಲಸ ಬಂದರೆ ಬೆಳಗಾವಿಯ ಉದ್ಯಮಬಾಗ್ ಕೈಗಾರಿಕಾ ಪ್ರದೇಶ ಇದೆ, ಆದರೆ ನಿಮಗೆ ಈಗ ಅದರ ಅಗತ್ಯ ಕಾಣುತ್ತಿಲ್ಲ. ಬ್ಲೋವರ್ ಸಾಮಾನಿಗೆ ಮೊದಲು ಊರಿನ ಕಾರ್ ಎಸಿ ಅಂಗಡಿಗಳಲ್ಲಿ ಕೇಳಿ, ಆಮೇಲೆ ಗುಜರಿ. ಅಲ್ಲಿ ಸಿಗದಿದ್ದರೆ ಸುಮಾರು 100 ಕಿ.ಮೀ. ದೂರದ ಸೊಲ್ಲಾಪುರ ನಿಮಗೆ ಬೆಳಗಾವಿಗಿಂತ ಹತ್ತಿರ. ಹೋಗುವಾಗ ಹಳೇ ಮೋಟರ್, ರೆಸಿಸ್ಟರ್ ಎರಡನ್ನೂ ಚೀಲಕ್ಕೆ ಹಾಕಿಕೊಳ್ಳಿ. ಫೋನಿನ ಫೋಟೋದಲ್ಲಿ ಕಪ್ಲರಿಗೆ ಎಷ್ಟು ಪಿನ್ ಎಂದು ಕಾಣುತ್ತದೆ, ಶಾಫ್ಟ್ ಎಷ್ಟು ದಪ್ಪ ಎಂದು ಕಾಣುವುದಿಲ್ಲ.